ಚಿತ್ರಕೃಪೆ: ಅಂತರ್ಜಾಲ

ಗ್ರಂಥಪಾಲಕಿಯಾಗಿ ನಾನು ಮಾಡಿದ ಮೊದಲ ದೊಡ್ಡ ತಪ್ಪಿನ ಮೇಲೆ ಕಾಲೇಜಿನ ಮೊಹರಿತ್ತು. ಒತ್ತಿದವಳೂ ನಾನೇ.

ಅರಸೀಕೆರೆಯ ಆ ಕಾಲೇಜಿಗೆ ಸೇರಿ ಮೂರು ವರ್ಷವಾಗಿತ್ತು. ಅರ್ಥಶಾಸ್ತ್ರದ ಒಂದು ಪಠ್ಯಪುಸ್ತಕ ನಮ್ಮಲ್ಲಿ ಒಂದೇ ಪ್ರತಿ ಇತ್ತು. ಅದಕ್ಕಾಗಿ ಹುಡುಗರು ಕೌಂಟರಿನ ಮುಂದೆ ದಿನಾ ಜಗಳವಾಡುತ್ತಿದ್ದರು. ಕಾಲೇಜಿನ ಎದುರು ಆಗತಾನೇ ಜೆರಾಕ್ಸ್ ಅಂಗಡಿ ಶುರುವಾಗಿತ್ತು. ಇಡೀ ಪುಸ್ತಕವನ್ನು ಆರು ಪ್ರತಿ ತೆಗೆಸಿ, ಕೆಂಪು ರೆಕ್ಸಿನ್ ಹಾಕಿ ಬೈಂಡ್ ಮಾಡಿಸಿ, ಒಂದೊಂದನ್ನೂ ರಿಜಿಸ್ಟರಿಗೆ ಏರಿಸಿ, ಮೊಹರು ಒತ್ತಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಮುಂದಿನ ತಿಂಗಳು ಅದೇ ಪ್ರಕಾಶಕರ ಕಡೆಯವರೊಬ್ಬರು ಹೊಸ ಪುಸ್ತಕಗಳ ಪಟ್ಟಿ ಹಿಡಿದು ಬಂದರು. ಅವರನ್ನು ಕಪಾಟಿನ ಬಳಿ ಕರೆದುಕೊಂಡು ಹೋಗಿ, "ನಿಮ್ಮ ಪುಸ್ತಕಕ್ಕೆ ನಮ್ಮಲ್ಲಿ ಎಷ್ಟು ಬೇಡಿಕೆ ನೋಡಿ, ಏಳು ಪ್ರತಿ ಇಟ್ಟಿದ್ದೀವಿ" ಎಂದೆ. ಅವರು ಒಂದೊಂದನ್ನೇ ತೆಗೆದು ನೋಡಿ ಮೆತ್ತಗೆ ಹೇಳಿದರು: "ಇದರಲ್ಲಿ ಒಂದು ಮಾತ್ರ ನಮ್ಮದು ಮೇಡಂ."

ಆಗಿನ ಪ್ರಿನ್ಸಿಪಾಲರು ನಿಷ್ಠುರದವರು. ಪ್ರಕಾಶಕರ ಕಡೆಯಿಂದ ಬಂದವರ ಎದುರೇ ನನ್ನ ಕೈಯಿಂದ ಕ್ಷಮಾಪಣೆ ಪತ್ರ ಬರೆಸಿದರು. ಆಮೇಲೆ ಕೂರಿಸಿ ಹೇಳಿದರು. "ನೋಡಮ್ಮ, ಒಬ್ಬ ಹುಡುಗ ತನ್ನ ಓದಿಗೆ ಅಂತ ಒಂದು ಅಧ್ಯಾಯ ನಕಲು ಮಾಡ್ಕೊಂಡ್ರೆ ಕಾನೂನು ಅಡ್ಡ ಬರಲ್ಲ. ಅಂಗಡೀಲಿ ಸಿಗೋ ಪುಸ್ತಕಾನ ಇಡೀ ನಕಲು ಮಾಡಿ ಅದರ ಜಾಗದಲ್ಲೇ ಕೂರಿಸಿದ್ರೆ, ಬರೆದೋನು ಎಲ್ಲಿಗೆ ಹೋಗ್ಬೇಕು?" ಹಕ್ಕುಸ್ವಾಮ್ಯದ ಕಾಯಿದೆಯನ್ನು ನಾನು ಮೊದಲ ಬಾರಿಗೆ ಓದಿದ್ದು ಆ ವಾರ. ಗ್ರಂಥಾಲಯ ವಿಜ್ಞಾನದ ಪದವಿಯಲ್ಲಿ ಅದರ ಮೇಲೆ ಒಂದು ಪ್ರಶ್ನೆಗೆ ಉತ್ತರ ಬರೆದು ಪಾಸಾಗಿದ್ದೆ. ಆದರೆ ತಲೆಗೆ ಹೋದದ್ದು ಆಗ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ನಾನು ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದಲ್ಲ.

ನನ್ನ ಕಾಲದಲ್ಲಿ ಕೆಲಸದ ರೀತಿ ಮೂರು ಸಲ ಬದಲಾಯಿತು. ಮೊದಲು ಬ್ಲೇಡಿನ ಕಾಲ. ಶಿಲ್ಪಕಲೆಯ ದೊಡ್ಡ ಪುಸ್ತಕಗಳಲ್ಲಿನ ಚಿತ್ರಗಳನ್ನು ಹುಡುಗರು ಅಂಗಿತೋಳಿನಲ್ಲಿ ಬ್ಲೇಡು ಇಟ್ಟುಕೊಂಡು ಬಂದು ಕತ್ತರಿಸಿ ಒಯ್ಯುತ್ತಿದ್ದರು. ಸೆಮಿನಾರ್ ಪತ್ರಿಕೆಗೆ ಅಂಟಿಸಿದ ಚಿತ್ರದ ಹಿಂಬದಿಯಲ್ಲಿ ನಮ್ಮದೇ ಮೊಹರು ನೋಡಿ ಒಬ್ಬನನ್ನು ಹಿಡಿದಿದ್ದೆ. ಆಮೇಲೆ ಜೆರಾಕ್ಸಿನ ಕಾಲ. ಬ್ಲೇಡು ಹೋಯಿತು, ಪುಸ್ತಕಗಳ ಬೆನ್ನು ಮುರಿಯಿತು. ಕೊನೆಗೆ ಮೊಬೈಲು. ಈಗ ಯಾರೂ ಏನನ್ನೂ ಹರಿಯುವುದಿಲ್ಲ, ಮುರಿಯುವುದಿಲ್ಲ. ಪುಸ್ತಕವೊಂದು ಇಡಿಯಾಗಿ ಅರೆಗಳಿಗೆಯಲ್ಲಿ ಇನ್ನೂರು ಜನರ ಕೈಗೆ ಹೋಗಿಬಿಡುತ್ತದೆ. ಇದು ತಪ್ಪು ಅಂದರೆ, "ಎಲ್ರ ಹತ್ರಾನೂ ಇದೆ ಮೇಡಂ" ಎಂಬ ಉತ್ತರ ಬರುತ್ತದೆ.

ಯೋಗೀಶ ಬಂದದ್ದು ಈ ಮೊಬೈಲಿನ ಕಾಲದಲ್ಲಿ, ನನ್ನ ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ. ಸಹಾಯಕ ಗ್ರಂಥಪಾಲಕ. ಅರಸೀಕೆರೆ ಪಕ್ಕದ ಹಳ್ಳಿಯ ತೆಂಗಿನ ತೋಟದವರ ಮಗ, ತೆಳ್ಳಗಿನ ಆಳು, ದನಿ ಎತ್ತಿ ಮಾತಾಡುತ್ತಿರಲಿಲ್ಲ. ಪ್ರಬಂಧದಲ್ಲಿ ಎಷ್ಟು ಭಾಗ ಬೇರೆ ಕಡೆಯಿಂದ ಎತ್ತಿದ್ದು ಎಂದು ತೋರಿಸುವ ಸಾಫ್ಟ್‌ವೇರ್ ಅವನಿಗೆ ಬರುತ್ತಿತ್ತು. ಯಾವ ಚಿತ್ರವನ್ನು ಅದರ ಒಡೆಯನೇ ಎಲ್ಲರೂ ಬಳಸಿ ಎಂದು ಬಿಟ್ಟಿದ್ದಾನೆ, ಯಾವುದನ್ನು ಬಿಟ್ಟಿಲ್ಲ ಎಂದು ಹುಡುಕುವುದು ಬರುತ್ತಿತ್ತು. ಪ್ರತಿ ಶನಿವಾರ ವಾಚನಾಲಯದಲ್ಲಿ ಒಂದು ಗಂಟೆ ಪಾಠ ಶುರುಮಾಡಿದ. ಬೋರ್ಡಿನ ಮೇಲೆ ಮೂರೇ ಪ್ರಶ್ನೆ ಬರೆಯುತ್ತಿದ್ದ: ಇದು ಯಾರದ್ದು? ನಿನಗೆ ಎಷ್ಟು ಬೇಕು? ಯಾತಕ್ಕೆ ಬೇಕು?

"ನಾಲ್ಕು ಸಾಲು ತಗೊಂಡು ಅದರ ಬಗ್ಗೆ ನೀನು ನಾಲ್ಕು ಪುಟ ಯೋಚನೆ ಮಾಡಿದ್ರೆ ಅದು ಓದು. ನಾಲ್ಕು ಪುಟ ತಗೊಂಡು ಕೆಳಗೆ ನಿನ್ನ ಹೆಸರು ಹಾಕಿದ್ರೆ ಅದು ಕಳ್ಳತನ. ಹೆಸರು ಹೇಳಿಬಿಟ್ರೆ ಎಲ್ಲಾ ಮುಗೀತು ಅಂತಾನೂ ಅಲ್ಲ. ಕೆಲವಕ್ಕೆ ಹೆಸರು ಸಾಕು, ಕೆಲವಕ್ಕೆ ಅಪ್ಪಣೇನೂ ಬೇಕು."

ಪುಸ್ತಕ ಜೋಡಿಸುವ ನೆವದಲ್ಲಿ ಕಪಾಟಿನ ಹಿಂದೆ ನಿಂತು ನಾನು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಗೊತ್ತಿಲ್ಲದ್ದೇನೂ ಅವನು ಹೇಳುತ್ತಿರಲಿಲ್ಲ. ನಾನು ಇದನ್ನೇ ಇಪ್ಪತ್ತೈದು ವರ್ಷದಿಂದ ಗೋಡೆಗೆ ಬರೆದು ಅಂಟಿಸಿದ್ದೆ. ಯಾರೂ ನಿಂತು ಓದಿರಲಿಲ್ಲ. ಅವನ ಮುಂದೆ ಹುಡುಗರು ಜಾಗವಿಲ್ಲದೆ ನೆಲದ ಮೇಲೆ ಕೂತಿರುತ್ತಿದ್ದರು.

ಅವನನ್ನು ಎಲ್ಲರೂ 'ಯೋಗಿ ಸರ್' ಎನ್ನುತ್ತಿದ್ದರು. ನಾನು 'ಲೈಬ್ರರಿ ಮೇಡಂ'. ವಿಶಾಲಾಕ್ಷಿ ಎಂಬ ಹೆಸರು ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ! ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ ಯಾರಾದರೂ, "ನಿಮ್ಮ ಹುಡುಗ ಭಾಳ ಚೆನ್ನಾಗಿ ಮಾಡ್ತಾನೆ ಕಣ್ರೀ" ಎಂದರೆ ಅರ್ಧ ಲೋಟ ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದೆ. ಒಂದು ಸಲ ಸತತ ಮೂರು ಶನಿವಾರ ಹಳೇ ಪತ್ರಿಕೆಗಳ ಕೋಣೆಯ ಪರಿಶೀಲನೆಯನ್ನು ಅವನಿಗೇ ಹಚ್ಚಿದೆ. ಅದೇನೂ ತುರ್ತಿನ ಕೆಲಸವಲ್ಲ. ಅವನು ಧೂಳು ಕೊಡವಿಕೊಂಡು ಬಂದು, "ಆಯ್ತು ಮೇಡಂ" ಎಂದಷ್ಟೇ ಹೇಳಿದ. ಪಾಠವನ್ನು ಬುಧವಾರಕ್ಕೆ ಬದಲಾಯಿಸಿಕೊಂಡಿದ್ದ. ಬುಧವಾರವೂ ಅಷ್ಟೇ ಜನ.

ಭಾಗ್ಯಳ ವಿಷಯಕ್ಕೆ ಬರುತ್ತೇನೆ. ಹಗರೆಯ ಹುಡುಗಿ, ಮನೆಯಲ್ಲಿ ಎರಡು ಹಸು, ಸ್ವಲ್ಪ ಗದ್ದೆ. ಅವರ ವಂಶದಲ್ಲೇ ಎಂ.ಎ.ವರೆಗೆ ಬಂದ ಮೊದಲನೆಯವಳು. ಅರಸೀಕೆರೆಯ ಹಾಸ್ಟೆಲಿನಲ್ಲಿದ್ದು ಇತಿಹಾಸ ಓದುತ್ತಿದ್ದಳು. ಅವಳ ಪ್ರಬಂಧದ ವಿಷಯ ಬೇಲೂರಿನ ಮದನಿಕೆಯರ ಕೇಶಾಲಂಕಾರ. ನಾನು ಹುಟ್ಟಿದ್ದು ಬೇಲೂರಿನಲ್ಲಿ. ನಮ್ಮಪ್ಪ ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತರು. ಸ್ಕೂಲು ಬಿಟ್ಟಮೇಲೆ ನಾನು ಆ ಜಗಲಿಯ ಮೇಲೇ ಆಡಿ ಬೆಳೆದವಳು. ಅವಳು ನನ್ನನ್ನು ಒಂದು ಮಾತು ಕೇಳುತ್ತಾಳೆ ಎಂದು ಒಂದು ವರ್ಷ ಕಾದೆ. ಅವಳು ನನ್ನ ಮೇಜು ದಾಟಿಕೊಂಡು ನೇರವಾಗಿ ಯೋಗೀಶನ ಹತ್ತಿರ ಹೋಗುತ್ತಿದ್ದಳು.

ಪ್ರಬಂಧ ಚೆನ್ನಾಗಿ ಬಂತು. ಅದನ್ನೇ ಪುಸ್ತಕವಾಗಿ ಅಚ್ಚು ಹಾಕಿಸೋಣ, ವಿಭಾಗದ ಮೊದಲ ಪ್ರಕಟಣೆಯಾಗಲಿ ಎಂದು ಇತಿಹಾಸದವರು ತೀರ್ಮಾನಿಸಿದರು. ಪರೀಕ್ಷಕರ ಓದಿಗಿನ್ನೂ ಹೋಗಬೇಕಿತ್ತು. ಎರಡೂ ಒಟ್ಟಿಗೇ ಆಗಲಿ ಎಂಬ ಅವಸರ. ಒಂದು ಮಧ್ಯಾಹ್ನ ಭಾಗ್ಯ ನನ್ನ ಮುಂದೆ ಬಂದು ನಿಂತಳು.

"ಮೇಡಂ, ಒಳಗಡೆ ಹದಿನಾಲ್ಕು ಫೋಟೋ ಇದಾವೆ, ನೆಟ್ಟಲ್ಲಿ ತಗೊಂಡಿದ್ದು. ಪರೀಕ್ಷೆಗೆ ಕೊಡೋ ಪ್ರಬಂಧಕ್ಕಾದ್ರೆ ಎಲ್ಲಿಂದ ತಗೊಂಡೆ ಅಂತ ಹಾಕಿದ್ರೆ ಸಾಕು, ಪುಸ್ತಕ ಅಂದ್ರೆ ತೆಗೆದವರನ್ನ ಹುಡುಕಿ ಅಪ್ಪಣೆ ತಗೋಬೇಕು ಅಂದಿದ್ರು ಯೋಗಿ ಸರ್. ಯಾರು ತೆಗೆದಿದ್ದು ಅಂತಾನೇ ಗೊತ್ತಾಗ್ತಿಲ್ಲ. ಸರ್ ಟ್ರೈನಿಂಗಿಗೆ ಹೋಗಿದಾರೆ. ಪ್ರೆಸ್ಸಿಗೆ ನಾಳೆ ಕೊಡ್ಬೇಕು."

ಅವನಿಲ್ಲ ಎಂದು ನನ್ನ ಹತ್ತಿರ ಬಂದಿದ್ದಳು. ನನಗೆ ಕೇಳಿಸಿದ್ದು ಅದೊಂದೇ.

"ಅಪ್ಪಣೆ ಯಾರನ್ನ ಕೇಳ್ತೀಯೇ? ಕೆತ್ತಿದೋರು ಹೋಗಿ ಒಂಬೈನೂರು ವರ್ಷ ಆಯ್ತು. ನಾನು ಬೇಲೂರಲ್ಲೇ ಹುಟ್ಟಿದೋಳು. ದೇವಸ್ಥಾನ ಎಲ್ಲರದ್ದು. ಕೆಳಗಡೆ 'ಚಿತ್ರಕೃಪೆ: ಅಂತರ್ಜಾಲ' ಅಂತ ಹಾಕು, ಎಲ್ಲರೂ ಹಾಗೇ ಹಾಕೋದು. ಯೋಗೀಶಂಗೆ ಎಲ್ಲದಕ್ಕೂ ಅತಿ."

"ಹಾಗಾದ್ರೆ ಪರವಾಗಿಲ್ವಾ ಮೇಡಂ?"

"ನಾನು ಹೇಳ್ತಿದೀನಲ್ಲ."

ಶಿಲ್ಪ ಎಲ್ಲರದ್ದು, ಶಿಲ್ಪದ ಫೋಟೋ ತೆಗೆದವನದ್ದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಯಾರ ಬಾಯಲ್ಲೂ ಕೇಳುವ 'ಯೋಗಿ ಸರ್ ಹೇಳಿದಾರೆ' ಎಂಬ ಮಾತನ್ನು ಒಂದು ಸಲವಾದರೂ ಅಳಿಸಬೇಕಿತ್ತು. ಅಳಿಸಿದೆ.

ಪುಸ್ತಕ ಅಚ್ಚಾಗುತ್ತಿದ್ದಾಗಲೇ ಬಿಡುಗಡೆಯ ಆಹ್ವಾನಪತ್ರಿಕೆ ಹೊರಟಿತು. ಮುಖಪುಟದಲ್ಲಿ ಕೂದಲು ಹಿಂಡಿಕೊಳ್ಳುವ ಮದನಿಕೆ. ಪ್ರೆಸ್ಸಿನವರು ಜಾಗಕ್ಕೆ ಹೊಂದಿಸಲು ಕೈಗಳನ್ನೇ ಕತ್ತರಿಸಿ ಮುಖವಷ್ಟನ್ನು ಉಳಿಸಿದ್ದರು. ಎರಡೇ ದಿನಕ್ಕೆ ಬಿಳಿ ಅಂಗಿ ತೊಟ್ಟ, ಎಪ್ಪತ್ತು ದಾಟಿದ ಒಬ್ಬರು ಆ ಆಹ್ವಾನಪತ್ರಿಕೆಯ ಪ್ರಿಂಟು ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಬಂದರು. ನನ್ನನ್ನೂ ಕರೆಸಿದರು. ಬಂದವರು ಸಿದ್ದಲಿಂಗಪ್ಪ, ಮಾದಿಹಳ್ಳಿಯವರು, ಹಳೇಬೀಡಿನಲ್ಲಿ ಬಹಳ ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಆಹ್ವಾನಪತ್ರಿಕೆ ಯಾರದೋ ಮೊಬೈಲಿನಿಂದ ಅವರ ಅಳಿಯನ ಮೊಬೈಲಿಗೆ ಬಂದಿತ್ತು.

ಅವರು ಕೂಗಾಡಲಿಲ್ಲ. ಚಿತ್ರದ ಕೆಳಗಿನ ಸಣ್ಣಕ್ಷರದ ಮೇಲೆ ಬೆರಳಿಟ್ಟು ಕೇಳಿದರು: "ಈ ಅಂತರ್ಜಾಲ ಅನ್ನೋರು ಯಾರು ಸ್ವಾಮಿ? ಈ ಪೋಟ ತೆಗ್ದೋನು ನಾನು."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಹಕ್ಕುಸ್ವಾಮ್ಯದ್ದೆಲ್ಲ ನೋಡ್ಕೊಳ್ಳೋದು ಯೋಗೀಶ ಅಲ್ವೇನ್ರೀ?"

"ಹೌದು ಸಾರ್" ಎಂದೆ.

ಅದು ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನೂ ನಾನು ಜೀವನದಲ್ಲಿ ಹೇಳಿಲ್ಲ.

ಬಿಡುಗಡೆ ನಿಂತಿತು. ಯೋಗೀಶ ಟ್ರೈನಿಂಗ್ ಮುಗಿಸಿ ಬಂದ ಬೆಳಿಗ್ಗೆಯೇ ಅವನ ಕೈಗೆ ಮೆಮೊ ಕೊಟ್ಟರು. ಅವನ ಪಾಠ ನಿಲ್ಲಿಸಿದರು. "ನಾನು ಹಾಗೆ ಹೇಳಿಲ್ಲ ಸಾರ್" ಎಂದನಂತೆ. "ಏನಿದ್ರೂ ಬರೆದು ಕೊಡಿ" ಎಂದರಂತೆ. ಅವನು ನನ್ನನ್ನು ಏನೂ ಕೇಳಲಿಲ್ಲ. ಆ ಬುಧವಾರ ವಾಚನಾಲಯ ಖಾಲಿಯಾಗಿತ್ತು. ನಾನು ನನ್ನ ಮೇಜಿನಲ್ಲಿ ಕೂತು ನಿಧಾನವಾಗಿ, ಸುಖವಾಗಿ ಒಂದು ಲೋಟ ಟೀ ಕುಡಿದೆ. ಆ ಟೀ ರುಚಿಯಾಗಿತ್ತು.

ಸಂಜೆ ಭಾಗ್ಯ ಬಂದಳು. ಕಣ್ಣು ಊದಿತ್ತು.

"ಮೇಡಂ, ನೀವೇ ಹಾಗೆ ಹಾಕು ಅಂದಿದ್ದಲ್ವಾ? ಯೋಗಿ ಸರ್‌ಗೆ ಯಾಕೆ ಮೆಮೊ ಕೊಟ್ಟಿದಾರೆ?"

"ನಾನು ಹಾಗಂದೆನಾ?" ಎಂದೆ. "ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ ಕಣೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೊರಟು ಹೋದಳು.

ನಾಲ್ಕನೆಯ ದಿನ ಪ್ರಿನ್ಸಿಪಾಲರು ನನ್ನನ್ನು ಕರೆದು ಒಂದು ಕಾಗದ ಮುಂದಿಟ್ಟರು. ಭಾಗ್ಯ ಬರೆದದ್ದು. ದುಂಡನೆಯ ಅಕ್ಷರ. 'ಅಪ್ಪಣೆ ಪಡೆಯಬೇಕೆಂದು ಯೋಗೀಶ ಸರ್ ನನಗೆ ಮೊದಲೇ ತಿಳಿಸಿದ್ದರು. ಬೇಡವೆಂದು ಯಾರೂ ನನಗೆ ಹೇಳಿಲ್ಲ. ಇದು ಸಂಪೂರ್ಣ ನನ್ನ ತಪ್ಪು.'

"ಹುಡುಗಿ ಗೊತ್ತಿದ್ದೂ ಮಾಡಿದಾಳೆ" ಎಂದರು. "ಪರೀಕ್ಷೆಗೆ ಹೋದ ಪ್ರಬಂಧದಲ್ಲೂ ಅದೇ 'ಅಂತರ್ಜಾಲ' ಇದೆ. ವಾಪಸ್ ಕಳಿಸಿ ಅಂತ ಯೂನಿವರ್ಸಿಟಿಗೆ ಬರೀಬೇಕಾಗುತ್ತೆ. ಒಂದು ವರ್ಷ ಹೋಗುತ್ತೆ, ಪಾಪ. ನೀವು ಏನಂತೀರಿ?"

ಒಂದು ವರ್ಷ ಹೋದರೆ ಅವಳ ಮನೆಯವರು ಇನ್ನೊಂದು ವರ್ಷ ಓದಿಸುವವರಲ್ಲ. ಅದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯೋಗೀಶನ ಮೆಮೊ ನನಗೆ ನುಂಗಲು ಬಂದಿತ್ತು. ಈ ಕಾಗದ ನುಂಗಲು ಬರಲಿಲ್ಲ. ಆ ಹುಡುಗಿ ಯೋಗೀಶನನ್ನು ಉಳಿಸಲು ಹೊರಟು, ಜೊತೆಗೆ ನನ್ನನ್ನೂ ಉಳಿಸಿದ್ದಳು. ನನ್ನ ಹೆಸರು ಅವಳು ಬರೆಯಬಹುದಿತ್ತು.

"ಇದು ಸುಳ್ಳು ಸಾರ್" ಎಂದೆ. "ಬೇಡ ಅಂತ ಹೇಳಿದ್ದು ನಾನು. ಅಂತರ್ಜಾಲ ಅಂತ ಹಾಕು ಅಂದಿದ್ದೂ ನಾನೇ. ಆಮೇಲೆ ಅವಳು ಬಂದು ಕೇಳಿದಾಗ ಹೇಳೇ ಇಲ್ಲ ಅಂದೆ."

ಅವರು ಕನ್ನಡಕ ತೆಗೆದರು. "ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಅದಕ್ಕೆ ಉತ್ತರ ಕೊಡಲಾಗಲಿಲ್ಲ. ಅಲ್ಲೇ ಕೂತು ಬರೆದು ಕೊಟ್ಟೆ. ಯೋಗೀಶನ ಮೆಮೊ ಹಿಂತೆಗೆದುಕೊಂಡು, ಅದನ್ನು ಬರಹದಲ್ಲೇ ಕೊಡಬೇಕೆಂದು ಕೇಳಿಕೊಂಡೆ. ನನಗೆ ಬರಬೇಕಾದ ಮೆಮೊ ನನಗೆ ಬಂತು. ನನ್ನ ಸೇವಾ ಪುಸ್ತಕದಲ್ಲಿ ಅದು ಇವತ್ತಿಗೂ ಇದೆ. ಸಿದ್ದಲಿಂಗಪ್ಪನವರು ಒಪ್ಪಿದರೆ ಭಾಗ್ಯಳ ಪ್ರಬಂಧಕ್ಕೆ ತೊಂದರೆಯಿಲ್ಲ, ಪುಸ್ತಕವನ್ನೂ ತಿದ್ದಿ ಅಚ್ಚು ಹಾಕಬಹುದು ಎಂದು ಪ್ರಿನ್ಸಿಪಾಲರು ಹೇಳಿದರು. ಒಪ್ಪಿಸುವ ಕೆಲಸ ನನ್ನದು.

ಕೋಣೆಯಿಂದ ಹೊರಗೆ ಬಂದಾಗ ಯೋಗೀಶ ಕಾರಿಡಾರಿನಲ್ಲಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಭಾಗ್ಯ ನಂಗೆ ಮೊದಲ ದಿನವೇ ಹೇಳಿದ್ಲು ಮೇಡಂ" ಎಂದ.

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವೇ ಹೇಳ್ತೀರಿ ಅಂತ ಕಾದೆ. ನಾಲ್ಕು ದಿನ ಆಗುತ್ತೆ ಅಂದ್ಕೊಂಡಿರ್ಲಿಲ್ಲ."

ಅಷ್ಟು ಹೇಳಿ ಅಪ್ಪಣೆ ಪತ್ರದ ಒಂದು ನಮೂನೆಯನ್ನು ನನ್ನ ಕೈಗಿಟ್ಟ. ಯಾವ ಚಿತ್ರ, ಯಾವ ಪುಸ್ತಕ, ಎಷ್ಟು ಪ್ರತಿ, ಹೆಸರು ಹೇಗೆ ಬರಬೇಕು, ಚಿತ್ರ ಕತ್ತರಿಸಬಹುದೇ ಬಾರದೇ ಎಲ್ಲಕ್ಕೂ ಜಾಗ ಬಿಟ್ಟು ಅಚ್ಚುಕಟ್ಟಾಗಿ ಮಾಡಿದ್ದ. ಅಂಥ ಹೊತ್ತಿನಲ್ಲೂ, ಇಷ್ಟು ಚೆನ್ನಾದ್ದು ನನಗೆ ಯಾಕೆ ಹೊಳೆದಿರಲಿಲ್ಲ ಎಂದು ಒಳಗೆ ಚುರ್ರೆಂದಿತು.

ಭಾನುವಾರ ಭಾಗ್ಯಳನ್ನು ಕರೆದುಕೊಂಡು ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಕ್ಷಮೆ ಕೇಳಿದ್ದಕ್ಕೆ, "ಇರ್ಲಿ ಬಿಡಿ ಮೇಡಂ" ಎಂದು ಕಿಟಕಿಯ ಕಡೆ ತಿರುಗಿದಳು. ಹಳೇಬೀಡಿನಲ್ಲಿ ಇಳಿದೆವು. ಅಲ್ಲಿಂದ ಮಾದಿಹಳ್ಳಿಗೆ ಇನ್ನೊಂದು ಬಸ್ಸು.

ಸಿದ್ದಲಿಂಗಪ್ಪನವರ ಹೆಂಡತಿ ರತ್ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಹುಡುಗಿಯದು ತಪ್ಪಿಲ್ಲ, ದಾರಿ ತಪ್ಪಿಸಿದ್ದು ನಾನು ಎಂದೆ.

"ನೋಡವ್ವ" ಎಂದು ಅವರು ಭಾಗ್ಯಳಿಗೆ ಹೇಳಿದರು. "ಓದೋ ಹುಡುಗಿ, ಪರೀಕ್ಸೆಗೆ ಅಂತ ನಾಕು ಪೋಟ ಇಟ್ಕಂಡ್ರೆ ನಂದೇನೂ ತಕರಾರಿಲ್ಲ. ಪುಸ್ತಕ ಮಾಡಿ ನಾಕು ಊರಿಗೆ ಹಂಚ್ತೀವಿ ಅಂದ್ರೆ ಒಂದು ಮಾತು ಕೇಳ್ಬೇಕೋ ಬ್ಯಾಡ್ವೋ? ಅದೂ ಕೈ ಕತ್ತರ್ಸಿ ಬಿಟ್ಟಿದೀರಿ. ಕೂದ್ಲು ಹಿಂಡೋಳಿಗೆ ಕೈಯೇ ಇಲ್ದಂಗೆ!"

ಒಳಗಿನಿಂದ ಒಂದು ಟ್ರಂಕು ತಂದು ಆ ಚಿತ್ರದ ದೊಡ್ಡ ಪ್ರತಿಯನ್ನು ತೆಗೆದರು. ನಾನು ಆ ಮದನಿಕೆಯ ಕೆಳಗೆ ಕುಂಟೆಬಿಲ್ಲೆ ಆಡಿದವಳು. ಅವಳ ಮುಖ ಹಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಯಾವಾಗ ನೋಡಿದರೂ ಸೂರಿನ ನೆರಳಿನಲ್ಲಿ ಕಪ್ಪಗಿರುತ್ತಿದ್ದವಳು ಈ ಚಿತ್ರದಲ್ಲಿ ಈಗಷ್ಟೇ ನೀರಿನಿಂದ ಎದ್ದು ಬಂದವಳ ಹಾಗೆ ಹೊಳೆಯುತ್ತಿದ್ದಳು.

"ಇಷ್ಟು ಬೆಳಕು ಎಲ್ಲಿಂದ ಬಂತು?" ಎಂದು ಭಾಗ್ಯ ಕೇಳಿದಳು. ಆ ಮನೆಗೆ ಬಂದಮೇಲೆ ಅವಳ ಮೊದಲ ಮಾತು.

ಉತ್ತರ ಕೊಟ್ಟವರು ರತ್ನಮ್ಮ. "ನಾನು ಕಣವ್ವ ಬೆಳಕು! ಬಿಸಿಲು ಕೆಳಗೆ ನೆಲದ ಮ್ಯಾಲೆ ಇರ್ತದೆ, ಆಯಮ್ಮ ಮ್ಯಾಲೆ ನೆಳ್ಳಲ್ಲಿ ಅವ್ಳೆ. ಬಿಳೇ ಪಂಚೆ ಹಿಡ್ಕಂಡು ನಿಂತ್ಕೊ, ಬಿಸಿಲ್ನ ಅವಳ ಮೊಕಕ್ಕೆ ಎಸಿ ಅನ್ನೋರು. ಹಿಂಗೆ ಎತ್ತಿ ಹಿಡಿದು ಹಿಡಿದು ತೋಳು ಬಿದ್ದೋಗವು. ಅವತ್ತು ಆಗ್ದಿದ್ರೆ ನಾಳೆ ಮತ್ತೆ ಬಸ್ಸಲ್ಲಿ ಹೋಗೋದು."

"ಎಷ್ಟು ದಿನ?" ಎಂದೆ.

"ಲೆಕ್ಕ ಯಾರು ಇಟ್ಟವ್ರೆ? ಮಗ ಹೊಟ್ಟೇಲಿದ್ದ ಆವಾಗ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ದೇವಸ್ಥಾನ ನನ್ನದು ಎಂದು ಅಷ್ಟು ವರ್ಷ ಅಂದುಕೊಂಡಿದ್ದವಳಿಗೆ, ಈ ಇಬ್ಬರು ನನಗಿಂತ ಚೆನ್ನಾಗಿ ಅದನ್ನು ನೋಡಿದ್ದಾರಲ್ಲ ಎಂದು ಹೊಟ್ಟೆಯೊಳಗೆ ಉರಿಯೂ ಆಯಿತು.

ಸಿದ್ದಲಿಂಗಪ್ಪನವರು ಪತ್ರವನ್ನು ಎರಡು ಸಲ ಓದಿ ಸಹಿ ಹಾಕಿದರು. ಹದಿನಾಲ್ಕರಲ್ಲಿ ಅವರದು ಒಂಬತ್ತು. ಇಡೀ ಚಿತ್ರ ಹಾಕಬೇಕು, ಹೆಸರು ಸರಿಯಾಗಿ ಬರಬೇಕು, ಅಷ್ಟೇ ಅವರ ಷರತ್ತು. ಉಳಿದ ಐದರ ಒಡೆಯರು ಯಾರೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ, ಅವನ್ನು ತೆಗೆದುಹಾಕಿದೆವು. ಭಾಗ್ಯ ತಾನೇ ಬೇಲೂರಿಗೆ ಹೋಗಿ ಐದು ಚಿತ್ರ ತೆಗೆದುಕೊಂಡು ಬಂದಳು. ಪುಸ್ತಕದಲ್ಲಿ ಮೊದಲ ಚಿತ್ರದ ಕೆಳಗೆ 'ಛಾಯಾಚಿತ್ರ: ಸಿದ್ದಲಿಂಗಪ್ಪ, ಮಾದಿಹಳ್ಳಿ. ಬೆಳಕು ಹಿಡಿದವರು: ರತ್ನಮ್ಮ' ಎಂದು ಅಚ್ಚಾಯಿತು. ಹಾಗೆ ಹಾಕಬೇಕೆಂದು ಹಟ ಹಿಡಿದವಳು ಭಾಗ್ಯ. ಬಿಡುಗಡೆಯ ದಿನ ಅವರಿಬ್ಬರೂ ಮೊದಲ ಸಾಲಿನಲ್ಲಿದ್ದರು.

ಹೊಸ ವರ್ಷದ ತರಗತಿಗಳು ಶುರುವಾದಾಗ ಯೋಗೀಶನ ಪಾಠ ಮತ್ತೆ ಆರಂಭವಾಯಿತು. ನನ್ನ ಹತ್ತಿರ ಬಂದು, "ಮೊದಲನೇ ಕ್ಲಾಸು ನೀವು ತಗೊಳ್ಳಿ ಮೇಡಂ" ಎಂದ.

"ನಾನೇನು ಹೇಳ್ಲಿ?"

"ನಡೆದಿದ್ದು ಹೇಳಿ. ಬೋರ್ಡ್ ಮೇಲೆ ಬರೆದಿದ್ದು ಮರೆತುಹೋಗುತ್ತೆ."

ಇದು ಶಿಕ್ಷೆಯೋ ಮರ್ಯಾದೆಯೋ ನನಗೆ ತಿಳಿಯಲಿಲ್ಲ. ಅವನ ಮುಖದಲ್ಲೂ ಕಾಣಲಿಲ್ಲ. ಒಪ್ಪಿಕೊಂಡೆ. ಅರವತ್ತು ಹುಡುಗರ ಮುಂದೆ ನಿಂತು ಕೆಂಪು ರೆಕ್ಸಿನ್ನಿನ ಆರು ಪುಸ್ತಕಗಳಿಂದ ಶುರುಮಾಡಿ ಮಾದಿಹಳ್ಳಿಯವರೆಗೆ ಹೇಳಿದೆ. ಮಧ್ಯದಲ್ಲಿ ಒಬ್ಬ ಎದ್ದು ನಿಂತು ಕೇಳಿದ: "ನಿಮಗೆ ರೂಲ್ಸ್ ಎಲ್ಲ ಗೊತ್ತಿತ್ತಲ್ಲ ಮೇಡಂ, ಮತ್ಯಾಕೆ ಹಾಗೆ ಹೇಳಿದ್ರಿ?"

ಪ್ರಿನ್ಸಿಪಾಲರಿಗೆ ಕೊಡಲಾಗದಿದ್ದ ಉತ್ತರ ಅಲ್ಲಿ ಬಂತು. "ಹೊಟ್ಟೆಕಿಚ್ಚು" ಎಂದೆ. "ನೀವೆಲ್ಲ ಅವರನ್ನ ಕೇಳ್ತೀರಿ, ನನ್ನ ಕೇಳಲ್ಲ ಅಂತ."

ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಯೋಗೀಶ ತಲೆ ತಗ್ಗಿಸಿ ಏನನ್ನೋ ಬರೆದುಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮೂವರು ಹುಡುಗಿಯರು ನಿಂತಿದ್ದರು. "ವಿಶಾಲಾಕ್ಷಿ ಮೇಡಂ, ಒಂದು ಡೌಟು" ಎಂದರು. ಒಬ್ಬಳಿಗೆ ಹಳೆಯ ನಕಾಶೆ ಪ್ರಬಂಧಕ್ಕೆ ಹಾಕುವುದು, ಇನ್ನೊಬ್ಬಳಿಗೆ ಅನುವಾದ ಮಾಡಿಕೊಂಡ ಭಾಗಕ್ಕೆ ಯಾರ ಹೆಸರು ಹಾಕುವುದು ಎಂಬ ಪ್ರಶ್ನೆ. ಎರಡಕ್ಕೂ ಹೇಳಿದೆ. ಮೂರನೆಯವಳು ವಿಡಿಯೋದಿಂದ ತೆಗೆದ ತುಣುಕಿನ ಬಗ್ಗೆ ಏನೋ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಗೊತ್ತಿರುವವಳ ಹಾಗೆ ಏನಾದರೂ ಹೇಳಿ ಕಳಿಸಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. "ಇರಿ, ಕೇಳಿ ಹೇಳ್ತೀನಿ" ಎಂದು ಎದ್ದೆ. ಯೋಗೀಶನ ಮೇಜು ನನ್ನ ಮೇಜಿನಿಂದ ಹತ್ತು ಹೆಜ್ಜೆ. ಅವನು ಬಂದ ಮೇಲೆ ಏನನ್ನಾದರೂ ಕೇಳಬೇಕೆಂದು ಅಲ್ಲಿಗೆ ನಾನು ಎದ್ದು ಹೋದದ್ದು ಅದೇ ಮೊದಲು. ಆ ಹತ್ತು ಹೆಜ್ಜೆಯಲ್ಲೂ ಹೊಟ್ಟೆ ಉರಿಯುತ್ತಲೇ ಇತ್ತು. ಹೋದೆ.